ಕೆಂಪಬಾವಿ ಹಾಲ್ಟಿನ ಹನ್ನೆರಡು ಟಿಕೆಟ್

ಲಿಂಗಸುಗೂರಿನ ಕಚೇರಿ ಮುಂದೆ ಅರ್ಜಿ ಬರೆಯುವ ಖಾಜಾಸಾಬರ ಎದುರು ನಾನೂ ನಮ್ಮನೆಯವರೂ ಕುಳಿತಿದ್ದೆವು. ಹೊಸ ರೈಲು ಮಾರ್ಗದ ಹಾಲ್ಟೊಂದಕ್ಕೆ, ಅಂದರೆ ಗಾಡಿ ಗಳಿಗೆ ಹೊತ್ತು ನಿಲ್ಲುವ ಸಣ್ಣ ನಿಲ್ದಾಣಕ್ಕೆ, ಟಿಕೆಟ್ ಮಾರುವ ಏಜೆಂಟ್ ಬೇಕಾಗಿತ್ತು. ಆ ಕೆಲಸ ಸಿಕ್ಕರೆ ಮಸ್ಕಿಯ ಗಿರಣಿಯಲ್ಲಿ ಅವರು ಮೂಟೆ ಹೊರುವುದು ತಪ್ಪುತ್ತಿತ್ತು. ಅವರ ಸೊಂಟ ಇನ್ನೊಂದು ಹಂಗಾಮು ತಾಳುವಂತಿರಲಿಲ್ಲ.

"ಹುಲಿಗೇಶಪ್ಪ, ಹಿಂದ ನೀವು ಏಜೆಂಟ್ ಇದ್ದ ಹಾಲ್ಟ್ ಯಾಕ ಮುಚ್ಚಿದ್ರು? ಇಲ್ಲಿ ಕಾರಣ ಕೇಳ್ಯಾರ," ಎಂದರು ಖಾಜಾಸಾಬ್.

ನಾನೇ ಹೇಳಿದೆ. ರಾಯಚೂರಿನಾಚೆ ಕೆಂಪಬಾವಿ. ಒಂದು ಕೋಣೆ, ಒಂದು ಕಿಟಕಿ, ಹೆಸರಿನ ಹಲಗೆ. ದಿನಕ್ಕೊಂದೇ ಪ್ಯಾಸೆಂಜರ್ ಗಾಡಿ. ಆಟೋಗಳು ಬಂದ ಮೇಲೆ ಹತ್ತುವವರು ಕರಗಿದರು. ಟಿಕೆಟ್ ಹೋಗದಿದ್ದರೆ ಗಾಡಿ ನಿಲ್ಲುವುದಿಲ್ಲವೆಂದು ಊರವರು ಪಟ್ಟಿ ಎತ್ತಿ ದಿನಾ ಹನ್ನೆರಡು ಟಿಕೆಟ್ ಕೊಳ್ಳುತ್ತಿದ್ದರು. ಯಾರೂ ಹತ್ತುತ್ತಿರಲಿಲ್ಲ. ಗಾಡಿ ನಿಲ್ಲುತ್ತಿತ್ತು, ಹೋಗುತ್ತಿತ್ತು. ಹೀಗೆ ಆರು ವರ್ಷ.

"ಭಾರಿ ಊರು ನಿಮ್ದವ್ವ," ಖಾಜಾಸಾಬ್ ನಕ್ಕರು. "ಆಮ್ಯಾಲೆ?"

"ಒಂದಿನ ಮಗಳ್ನ ಸಿಂಧನೂರಿನ ಹಾಸ್ಟೆಲ್ಲಿಗೆ ಸೇರಿಸ್ಬೇಕಿತ್ತು. ಹೆಂಗೂ ಯಾರೂ ಬರಂಗಿಲ್ಲ, ಮುಂಜಾನೆನ ತಾರೀಖು ಒತ್ತಿ ಟಿಕೆಟ್ ಹರದಿಟ್ಟು ನಡೀರಿ ಅಂತ ನಾನ ಅವಸರ ಮಾಡಿದೆ. ಅವತ್ತು ಗಾಡೀನ ರದ್ದಾಗಿತ್ತು."

ಖಾಜಾಸಾಬ್ ಪೆನ್ನು ಕೆಳಗಿಟ್ಟರು. "ಬರಲಾರದ ಗಾಡಿಗೆ ಹನ್ನೆರಡು ಟಿಕೆಟ್ ಮಾರೀರಿ."

"ಹೌದ್ರಿ. ತಪಾಸಣೆಗೆ ಬಂದ್ರು. ತಿಂಗಳೊಳಗ ಬಾಗಿಲಿಗೆ ಕೀಲಿ ಬಿತ್ತು."

ಹೇಳುವಾಗ ನನಗೆ ಏನೂ ಅನಿಸಲಿಲ್ಲ. ಬೇರೆ ಯಾರದೋ ಮನೆಯ ಮಾತು ಹೇಳಿದ ಹಾಗಿತ್ತು.

"ಇದನ್ನ ಬರದ್ರ ಅರ್ಜಿ ಇಲ್ಲೇ ಸಾಯ್ತದ. ಪ್ರಯಾಣಿಕರ ಕೊರತೆ ಅಂತ ಬರೀತೀನಿ. ಅದೇನ್ ಸುಳ್ಳಲ್ಲ."

ನಮ್ಮನೆಯವರು ಆಗ ಬಾಯಿ ತೆರೆದರು. "ಬ್ಯಾಡ್ರಿ. ಏಜೆಂಟನ ತಪ್ಪಿನಿಂದ ಅಂತ ಬರೀರಿ."

"ತಪ್ಪು ನಂದು," ಎಂದೆ.

"ಕಿಟಕ್ಯಾಗ ಕುಂತಾವ ನಾನು."

"ಹರಿಶ್ಚಂದ್ರಗ ಸೊಂಟ ನೋವು ಇರ್ಲಿಲ್ಲೋ ಮಾರಾಯ," ಎಂದು ಖಾಜಾಸಾಬ್ ನನ್ನ ಕಡೆ ತಿರುಗಿದರು. "ಏನ್ ಬರೀಲೆವ್ವ?"

ಹಾಲ್ಟ್ ಮುಚ್ಚಿದ ಮೇಲಿನ ಎಂಟು ವರ್ಷದಲ್ಲಿ ನಮ್ಮನೆಯವರು ಒಮ್ಮೆಯೂ ನನ್ನನ್ನು ದೂರಿರಲಿಲ್ಲ. ನಾನೂ ಆ ಮಾತು ತೆಗೆದಿರಲಿಲ್ಲ. ರಾತ್ರಿ ಅವರ ಬೆನ್ನಿಗೆ ಎಣ್ಣೆ ತಿಕ್ಕುವಾಗ ಕೈಗೆ ಹತ್ತುವ ಗಂಟು ನೆನಪಾಯಿತು.

"ಪ್ರಯಾಣಿಕರ ಕೊರತೆ ಅಂತ ಬರೀರಿ, ಕಾಕಾ."

ಖಾಜಾಸಾಬ್ ಬರೆದು ಕಾಗದ ಮುಂದೆ ಸರಿಸಿದರು. ನಮ್ಮನೆಯವರು ಅದನ್ನು ಎರಡು ಸಲ ಓದಿದರು. ನನ್ನ ಮುಖ ನೋಡದೆ ಸಹಿ ಹಾಕಿ, ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅರ್ಜಿಯನ್ನು ಒಳಗೆ ನಾನೇ ಕೊಟ್ಟು ಬಂದೆ.