ಹನ್ನೊಂದು ನಿಮಿಷದ ಕೆಂಪು ಕಂಬ

ಯಜಮಾನರ ಕೈಯ ನೆರಳು ಗೋಡೆಯ ಮೇಲೆ ಮೂಡಿಸಿದ ಲೆಕ್ಕದ ಚಿತ್ರದ ಕೆಂಪು ಕಂಬವನ್ನು ಸವರುತ್ತಿದೆ, ಸಾಕಿದ ಬೆಕ್ಕಿನ ಬೆನ್ನು ಸವರಿದ ಹಾಗೆ, ಕೆಳಗಿನಿಂದ ಮೇಲಕ್ಕೆ, ಮತ್ತೆ ಕೆಳಗಿನಿಂದ ಮೇಲಕ್ಕೆ, ಉಳಿದ ಕಂಬಗಳೆಲ್ಲ ಮೊಣಕಾಲೆತ್ತರ, ಇದೊಂದೇ ಆಳೆತ್ತರ — ನೋಡಿ ಸಾರ್, ಹದಿನಾಲ್ಕನೇ ಮಂಚದವರು ಗಂಟೆ ಒತ್ತಿದ್ದಾರೆ, ನರ್ಸ್ ಬಂದು ಅದನ್ನ ಆರಿಸಿದ್ದು ಹನ್ನೊಂದು ನಿಮಿಷ ಆದ್ಮೇಲೆ, ಇಷ್ಟು ವರ್ಷ ಇದು ನಿಮ್ಮ ಕಣ್ಣಿಗೇ ಬಿದ್ದಿರ್ಲಿಲ್ಲ, ನಾವು ಕಾಣಿಸಿದ್ವಿ — ನಾವಂತೆ, ಆ ಕಂಬ ಬರೆದದ್ದು ಇವನು, ಕೆಂಪು ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಎರಡೆರಡು ಸಲ ತೀಡಿ ಗಾಢ ಮಾಡಿದವನೂ ಇವನೇ, ಈಗ ಮೇಜಿನ ತುದಿಯ ಕುರ್ಚಿಯಲ್ಲಿ ಬಟ್ಟೆಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಹಲ್ಲು ಕಚ್ಚುತ್ತಿರುವವನೂ ಇವನೇ, ಎದುರಿಗೆ ಆಸ್ಪತ್ರೆಯ ಆಡಳಿತಾಧಿಕಾರಿ, ನರ್ಸುಗಳ ಬಾಯಲ್ಲಿ ಮೆಮೊ ಸಾಹೇಬರು, ನೀರಿನ ಬಾಟಲಿ, ಮಗುಚಿಟ್ಟ ಫೋನು, ಸಹಿ ಬೀಳಬೇಕಾದ ಕರಾರಿನ ಕಾಗದದ ಕಟ್ಟು, ಎಲ್ಲ ಮುಂದಿಟ್ಟುಕೊಂಡು ತಲೆದೂಗುತ್ತಿದ್ದಾರೆ, ಹೌದ್ರೀ, ಈ ಲೆಕ್ಕ ನನ್ನ ಕೋಣೆಯ ಕಂಪ್ಯೂಟರ್ ಪರದೆಗೆ ನೇರವಾಗಿ ಬರ್ಬೇಕು, ಎಲ್ಲ ವಾರ್ಡಿಂದೂ — ಬರುತ್ತೆ ಸಾರ್, ಬರುತ್ತೆ, ಆ ಹನ್ನೊಂದು ನಿಮಿಷದ ನರ್ಸ್ ಈ ಹುಡುಗನ ಒಡಹುಟ್ಟಿದ ಅಕ್ಕ ಅನ್ನುವುದು ಇಬ್ಬರಿಗೂ ಗೊತ್ತಿಲ್ಲ, ನಾಳೆ ಬೆಳಿಗ್ಗೆ ಹತ್ತಕ್ಕೆ ಅವಳ ವಿಚಾರಣೆ ಅನ್ನುವುದು ಮಾತ್ರ ಒಬ್ಬರಿಗೆ ಗೊತ್ತು.

ಉಳಿ, ನೀನು ಬಾಯಿ ಬಿಡ್ಬೇಡ ಆಯ್ತಾ, ಕರೆದಾಗ ಎದ್ದು ಮಾದರಿ ತೋರಿಸು, ಕೂತ್ಕೊ — ಲಿಫ್ಟಿನಲ್ಲಿ ಯಜಮಾನರು ಟೈ ಸರಿಮಾಡಿಕೊಳ್ಳುತ್ತ ಹೇಳಿದ್ದು, ಉಳಿ ಅನ್ನುವುದು ಡಿಸೈನ್ ಸ್ಟುಡಿಯೋದವರು ಇಟ್ಟ ಅಡ್ಡಹೆಸರು, ಒಂಬತ್ತನೇ ಕ್ಲಾಸಿನ ಮಧ್ಯದಲ್ಲಿ ಸ್ಕೂಲಿಗೆ ಕೈಮುಗಿದು ಬಂದವನು, ಆರು ವರ್ಷ ಮರಗೆಲಸದ ಅಂಗಡಿಯಲ್ಲಿ ಕುರ್ಚಿಯ ಕಾಲು ಕಡೆದವನು, ಅಲ್ಲಿಂದ ಇಲ್ಲಿಗೆ ಮಾದರಿ ಕೆತ್ತಿಕೊಡಲು ಬಂದು ಒಂದು ಊರುಗೋಲಿನ ಹಿಡಿಯನ್ನು ತಿರುಗಿಸಿ ಕೂರಿಸಿ ಡಿಸೈನರ್ ಅನ್ನಿಸಿಕೊಂಡವನು, ಓದಿದವರ ನಡುವೆ ಅವನಿಗೊಂದು ಮೂಲೆ, ಮೂಲೆಯಲ್ಲಿ ಮರ ಕಚ್ಚಿ ಹಿಡಿಯುವ ಒಂದು ವೈಸ್, ನೆಲದ ತುಂಬ ಮರದ ಪುಡಿ, ಅವರಿಗೋ ಗಾಜಿನ ಗೋಡೆ, ಗೋಡೆಯ ತುಂಬ ಬಣ್ಣದ ಚೀಟಿ, ಆಸ್ಪತ್ರೆಗೆ ಹೊಸ ಗಂಟೆ ಮಾಡಿಕೊಡುವ ಕೆಲಸ ಬಂದು, ರೋಗಿಗೆ ಏನು ಬೇಕು ಅಂತ ಒಬ್ಬೊಬ್ಬರೂ ಐದೈದು ಬರೀರಿ ಅಂದಾಗ ಗುಲಾಬಿ ಚೀಟಿಯಲ್ಲಿ ಪ್ರೀತಿ, ಹಳದಿಯಲ್ಲಿ ಭರವಸೆ, ಹಸಿರಿನಲ್ಲಿ ಮತ್ತೆ ಪ್ರೀತಿ, ಇವನು ಐದೂ ಚೀಟಿಯಲ್ಲಿ ಬಚ್ಚಲಿಗೆ ಹೋಗಬೇಕು ಎಂದು ಬರೆದು ಅಂಟಿಸಿದ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಿಂಗೆ ಎಲ್ಲದರಲ್ಲೂ ತಮಾಷೆ ಕಣೋ — ತಮಾಷೆ ಯಾರಿಗೆ ಬೇಕಿತ್ತು, ಹತ್ತು ಸಲ ಗಂಟೆ ಒತ್ತಿದರೆ ಆರು ಸಲ ಅದಕ್ಕೇ ಅಂತ ಅಕ್ಕ ಹೇಳಿದ್ದಳು, ಮಿಕ್ಕ ನಾಲ್ಕು ಸಲ ನೀರಿಗೆ, ನೋವಿಗೆ, ಭಯಕ್ಕೆ, ಸುಮ್ಮನೆ — ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ, ಮರದ ಅಂಗಡಿಯ ಮೇಸ್ತ್ರಿ ಕಿವಿ ಹಿಂಡಿ ಕಲಿಸಿದ್ದು, ಕುರ್ಚಿ ಮಾಡೋಕೆ ಮುಂಚೆ ಕೂತ್ಕೊಳ್ಳೋ ಮಂಕೆ, ಕೂತ್ಕೊಂಡು ಎಲ್ಲಿ ನೋಯುತ್ತೆ ನೋಡು, ಆಮೇಲೆ ಗೆರೆ ಎಳಿ — ಹಾಗಾಗಿ ಅಕ್ಕನ ವಾರ್ಡಿನ ಹನ್ನೆರಡನೇ ಮಂಚದಲ್ಲಿ ಮೂರು ದಿನ ರೋಗಿಯ ಅಂಗಿ ತೊಟ್ಟು ಮಲಗಿದ, ಡ್ರಿಪ್ ಹಾಕಿದವರ ಹಾಗೆ ಎಡಗೈಗೆ ಹಲಗೆ ಕಟ್ಟಿಸಿಕೊಂಡ, ಬಲಗೈಯಲ್ಲಿ ಗಂಟೆಯ ಗುಂಡಿ ಹುಡುಕಿದರೆ ಅದರ ವೈರು ಮಂಚದ ಹಿಂದೆ ಬಿದ್ದು ನೇತಾಡುತ್ತಿತ್ತು, ಪಕ್ಕದ ಮಂಚದ ತಾತ ಗುಂಡಿಯ ಗೊಡವೆಯೇ ಬೇಡವೆಂದು ಲೋಟಕ್ಕೆ ಚಮಚ ಬಡಿಯುತ್ತಿದ್ದ, ಗುಂಡಿ ಕೈಗೆ ಸಿಕ್ಕಿದವರು ಒತ್ತುತ್ತಿದ್ದರು, ತಲೆಯ ಮೇಲೆ ದೀಪ ಹತ್ತುತ್ತಿತ್ತು, ಮಲಗಿದವರಿಗೆ ಅದು ಕಾಣುತ್ತಿರಲಿಲ್ಲ, ಕೇಳಿಸಿತೋ ಇಲ್ಲವೋ ಎಂದು ಮತ್ತೆ ಒತ್ತುತ್ತಿದ್ದರು, ಮತ್ತೆ, ಮತ್ತೆ, ಆಗ ನರ್ಸಿನ ದನಿ, ಕೇಳಿಸ್ತು ತಾತ, ನಾನೇನು ಕಿವುಡೀನಾ, ಎರಡು ಕಾಲು ನಂಗಿರೋದು.

ಕೇಳಿಸಿತು ಅನ್ನುವ ಒಂದು ಮಾತು, ಅಷ್ಟೇ, ರೋಗಿಗೆ ಮೊದಲು ಬೇಕಾದದ್ದು ಅದು, ಪ್ರೀತಿಯೂ ಅಲ್ಲ ಮಣ್ಣೂ ಅಲ್ಲ — ಆ ಹೊಳಹು ಹೊಳೆದಾಗ ರೋಗಿಯ ಅಂಗಿಯಲ್ಲೇ ಎದ್ದು ಕೂತಿದ್ದ, ತಾತ ಹೆದರಿ ಚಮಚ ಬೀಳಿಸಿದ್ದ — ಅಲ್ಲಿಂದ ಗಂಟೆಯ ಗುಂಡಿಗೆ ಹತ್ತೊಂಬತ್ತು ಹಿಡಿ ಕೆತ್ತಿದ, ಒಂದು ಜಾರುತ್ತದೆ, ಒಂದು ಮುಷ್ಟಿಗೆ ದಪ್ಪ, ಒಂದನ್ನು ತಾತ ಹೆಬ್ಬೆರಳಲ್ಲಿ ಒತ್ತಲಾರದೆ ಗಲ್ಲದಿಂದ ಒತ್ತಿದ, ಹತ್ತೊಂಬತ್ತನೆಯದು ಅಂಗೈಯಲ್ಲಿ ಕೋಳಿಮರಿಯ ಹಾಗೆ ಕೂತಿತು, ನರ್ಸಿನ ಜೇಬಿನಲ್ಲೊಂದು ಪುಟ್ಟ ಗುಂಡಿ, ಅವಳು ಅದನ್ನು ಒತ್ತಿದರೆ ಇಲ್ಲಿ ರೋಗಿಯ ಹೆಬ್ಬೆರಳ ಕೆಳಗೆ ಹಿಡಿ ಮೆಲ್ಲಗೆ ಉಬ್ಬಿ ತಟ್ಟುತ್ತದೆ, ಕೇಳಿಸ್ತು, ಬರ್ತಿದ್ದೀನಿ, ತಾತ ಆ ತಟ್ಟನ್ನು ಮೊದಲ ಸಲ ಅನುಭವಿಸಿದಾಗ ಹಿಡಿಯನ್ನು ಕಣ್ಣಿನ ಹತ್ತಿರ ತಂದು ನೋಡಿ, ಒಳಗೆ ಯಾರೋ ಇದ್ದಾರಲ್ಲೋ ಮರಿ, ಅಂದ — ಅಲ್ಲಿಗೆ ನಿಲ್ಲಿಸಬಹುದಿತ್ತು, ಅಲ್ಲಿಗೆ ಕೈಮುಗಿದು ಉಳಿ ಕೆಳಗಿಡಬಹುದಿತ್ತು, ಆದರೆ ಕೆಟ್ಟ ಕುತೂಹಲ, ಯಾವ ಹೊತ್ತಿಗೆ ಹೆಚ್ಚು ಕರೆ ಬರುತ್ತದೆ ಗೊತ್ತಾದರೆ ಆ ಹೊತ್ತಿಗೆ ನರ್ಸುಗಳನ್ನು ಹೆಚ್ಚಿಗೆ ಕೊಡಿ ಎಂದು ಕೇಳಬಹುದಲ್ಲ ಎಂಬ ಲೆಕ್ಕಾಚಾರ, ಮಂಚಗಳಿಗೆಲ್ಲ ಕೊಟ್ಟ ಹಿಡಿಗಳೊಳಗೆ ಒಂದೊಂದು ಗಡಿಯಾರ ತುರುಕಿದ, ಒತ್ತಿದ್ದು ಯಾವಾಗ, ಆರಿಸಿದ್ದು ಯಾವಾಗ, ಒಂದು ವಾರ ಅವು ಬರೆದುಕೊಂಡವು, ಇವನು ಅದನ್ನು ಕಂಬ ಕಂಬವಾಗಿ ಬಿಡಿಸಿದ, ಬಣ್ಣ ಹಚ್ಚಿದ, ಎತ್ತರದ ಕಂಬ ಎದ್ದು ಕಾಣಲಿ ಎಂದು ಕೆಂಪು ಬಳಿದ, ಸಂಜೆ ಯಜಮಾನರು ಇವನ ಮೂಲೆಗೆ ಬಂದು ನಿಂತು, ಮೊದಲ ಸಲ ಬಂದದ್ದು, ಶೂಗೆ ಮರದ ಪುಡಿ ಮೆತ್ತಿಕೊಂಡರೂ ಬಯ್ಯದೆ, ಅಬ್ಬ ಉಳಿ, ಗಂಟೆ ಹಾಳಾಗ್ಲಿ, ಮಾಲು ಇದು ಕಣೋ, ಅಂದರು, ಬೆನ್ನು ತಟ್ಟಿದರು, ಚಿತ್ರವನ್ನು ಅಂದೇ ಆಸ್ಪತ್ರೆಗೆ ಕಳಿಸಿದರು, ಇವನು ಹಿಗ್ಗಿದ, ಹೌದು, ನಾಚಿಕೆಗೇಡು, ಹಿಗ್ಗಿ ಹೀರೇಕಾಯಿಯಾದ, ಒಂಬತ್ತನೇ ಕ್ಲಾಸಿನವನ ಬೆನ್ನಿಗೆ ಅವರ ಕೈ.

ನಾಲ್ಕು ದಿನದ ಹಿಂದೆ ಊಟದ ತಟ್ಟೆಯ ಪಕ್ಕದಲ್ಲಿ ಅಕ್ಕ ಎರಡು ಕಾಗದ ಇಟ್ಟಳು, ಒಂದು ಮೆಮೊ, ಕರ್ತವ್ಯಲೋಪ, ಮೂರು ದಿನದೊಳಗೆ ಲಿಖಿತ ವಿವರಣೆ, ಇನ್ನೊಂದು ಅದಕ್ಕೆ ಪುರಾವೆ, ಆ ಚಿತ್ರದ ನಕಲು — ಈ ಗೆರೆ ನಿಂದೇ ಅಲ್ವೇನೋ, ಹೌದಕ್ಕ, ಕೆಂಪು ಚೆನ್ನಾಗಿ ಹಾಕಿದ್ದೀಯ, ಚಿಕ್ಕೋನಿದ್ದಾಗ್ಲೂ ಹಿಂಗೇ, ಗೆರೆ ದಾಟಿ ಬಣ್ಣ ಹೋಗ್ತಿರ್ಲಿಲ್ಲ — ಬೈದಿದ್ದರೆ ಚೆನ್ನಾಗಿತ್ತು, ತಟ್ಟೆ ಎತ್ತಿ ಎಸೆದಿದ್ದರೆ ಇನ್ನೂ ಚೆನ್ನಾಗಿತ್ತು, ಅಮ್ಮ ಹೋದ ಮೇಲೆ ಇವನ ಮೂಗು ಒರೆಸಿ ದೊಡ್ಡವನನ್ನಾಗಿ ಮಾಡಿದವಳು, ಸ್ಕೂಲು ಬಿಟ್ಟ ದಿನ ಸಂಜೆ ಉಳಿಯ ಪೆಟ್ಟಿಗೆ ತಂದುಕೊಟ್ಟವಳು — ಏನ್ ಮಾಡ್ತಿದ್ದೆ ಅಕ್ಕ ಹನ್ನೊಂದು ನಿಮಿಷ — ಅಂತ ಕೇಳಿದ, ಅದನ್ನು ಗಡಿಯಾರ ತುರುಕುವ ಮುಂಚೆ ಕೇಳಬೇಕಿತ್ತು — ಅವಳು ಇವನ ಮುಂಗೈ ಎಳೆದುಕೊಂಡಳು, ಎರಡು ಬೆರಳು ಇಟ್ಟಳು, ಒತ್ತಿದಳು, ಹಿಂಗೆ, ಅಂದಳು, ಬಿಡಲಿಲ್ಲ, ಹದಿನೆಂಟನೇ ಮಂಚದಲ್ಲಿ ಒಬ್ರಿಗೆ ತೊಡೆ ಸಂದಿಯ ರಕ್ತನಾಳದಿಂದ ಕೊಳವೆ ತೆಗೆದಿದ್ರು, ರಕ್ತ ನಿಲ್ಲೋ ತನಕ ಒತ್ತಿ ಹಿಡೀಬೇಕು, ಬಿಟ್ರೆ ಹಾಸಿಗೆಯೆಲ್ಲ ರಕ್ತ, ಆಮೇಲೆ ಮನುಷ್ಯ ಸಿಗಲ್ಲ, ಇನ್ನೊಬ್ಬ ಸಿಸ್ಟರ್ ಸ್ಟ್ರೆಚರ್ ತಳ್ಕೊಂಡು ಕೆಳಗೆ ಎಕ್ಸರೆಗೆ ಹೋಗಿದ್ಲು, ಮೂವತ್ತೆರಡು ಮಂಚಕ್ಕೆ ನಾವಿಬ್ರೇ, ನಿನ್ನ ಗಂಟೆ ಹೊಡ್ಕೊಂತಾ ಇತ್ತು, ಜೇಬಲ್ಲಿ ನಿನ್ನ ಗುಂಡೀನೂ ಇತ್ತು, ಒತ್ತೋಕೆ ಬೆರಳೆಲ್ಲಿತ್ತೋ — ಹದಿನಾಲ್ಕನೇ ಮಂಚದವರು ಏನಕ್ಕೆ ಕರೆದಿದ್ರಕ್ಕ — ಕಿಟಕಿ ಪರದೆ ಎಳೀರಿ ಅಂತ, ಮುಖಕ್ಕೆ ಬಿಸಿಲು ಬೀಳ್ತಿತ್ತಂತೆ — ಅವಳ ಉಗುರಿನ ಕೆಳಗೆ ರಕ್ತ ಸರಿದು ತುದಿಗಳು ಬಿಳಿಚಿದ್ದವು, ಎರಡು ಬೆರಳು, ಇವನ ಚರ್ಮದಲ್ಲಿ ಎರಡು ಹಳ್ಳ, ವಿವರಣೆ ಬರ್ದು ಕೊಟ್ಟೆ ಕಣೋ, ಓದದೇನೇ ನೆಪ ಅಂದ್ರು, ಮನುಷ್ಯರು ಸುಳ್ಳು ಹೇಳ್ತಾರೆ, ಗಂಟೆ ಹೇಳಲ್ವಂತೆ.

ಹೇಳುತ್ತದೆ, ಗಂಟೆ ಹಸಿ ಸುಳ್ಳು ಹೇಳುತ್ತದೆ, ಹೇಳಲು ಕಲಿಸಿದವನೇ ಇಲ್ಲಿ ಕೂತಿದ್ದಾನೆ — ಮೂರು ದಿನ ಮಲಗಿದವರ ಹಾಗೆ ಮಲಗಿ ನೋಡಿದ ಮಹಾಶಯ ಒಂದು ದಿನ, ಒಂದೇ ಒಂದು ದಿನ, ನಿಂತವರ ಪಕ್ಕ ನಿಲ್ಲಲಿಲ್ಲ, ಅಕ್ಕನ ಕೆಲಸ ಅಕ್ಕನಿಗೆ ಗೊತ್ತು ನನಗೂ ಗೊತ್ತು ಅಂದುಕೊಂಡ, ಗುಂಡಿಯನ್ನು ಅವಳ ಜೇಬಿಗೆ ಹಾಕುವಾಗ ಆ ಕೈ ಖಾಲಿ ಇರುತ್ತದಾ ಎಂದು ಕೇಳಲಿಲ್ಲ, ಕುರ್ಚಿ ಮಾಡಿದ, ಕೂರಲಿಲ್ಲ, ಮೇಸ್ತ್ರಿ ಇದ್ದಿದ್ದರೆ ಕಿವಿ ಹರಿದು ಕೈಗೆ ಕೊಡುತ್ತಿದ್ದ — ಈಗ ಚೀಲದಲ್ಲಿರುವುದು ಇಪ್ಪತ್ತನೆಯದು, ನರ್ಸು ಎಲ್ಲಿ ನಿಂತಿದ್ದರೂ ಮಂಚದ ಅಡ್ಡಪಟ್ಟಿಯನ್ನು ಮೊಣಕಾಲಿನಿಂದ ತಳ್ಳಿದರೆ ಸಾಕು, ಕರೆದವರ ಹೆಬ್ಬೆರಳಿಗೆ ತಟ್ಟು ಹೋಗುತ್ತದೆ, ಎರಡು ಕೈಯೂ ಅವಳವೇ, ಗಡಿಯಾರ ಕಿತ್ತು ಕಸದ ಬುಟ್ಟಿಗೆ ಹಾಕಿಯಾಗಿದೆ, ಯಜಮಾನರಿಗೆ ಅದು ಗೊತ್ತಿಲ್ಲ, ಗೊತ್ತಾದ ದಿನ ಇವನ ಮೂಲೆಯೂ ಇಲ್ಲ, ವೈಸೂ ಇಲ್ಲ, ಇಲ್ಲದಿದ್ದರೆ ಇಲ್ಲ — ಉಳಿ, ಏನ್ ಕನಸು ಕಾಣ್ತಿದ್ದೀಯ, ಮಾದರಿ ತೋರಿಸಪ್ಪ ಸಾಹೇಬರಿಗೆ.

ಎದ್ದ, ಚೀಲದಿಂದ ಹಿಡಿ ತೆಗೆದು ಮೇಜಿನ ಆ ತುದಿಯಲ್ಲಿಟ್ಟ, ಇನ್ನೊಂದು ಸಲ ಕೈ ಹಾಕಿದಾಗ ಮೊಳೆ ಸಿಕ್ಕಿತು, ಸಾಹೇಬರ ನೀರಿನ ಬಾಟಲಿ ಎತ್ತಿಕೊಂಡ, ಮುಚ್ಚಳ ತೆಗೆದ, ಬುಡದ ಹತ್ತಿರ ಚುಚ್ಚಿದ, ನೀರು ಚಿಮ್ಮುವ ಮೊದಲೇ ಬೆರಳಿಟ್ಟು ಅವರ ಮುಂದಿಟ್ಟ, ಸಾರ್, ಇಲ್ಲಿ ಎರಡು ಬೆರಳಿಟ್ಟು ಒತ್ತಿ, ನೀರು ಆಚೆ ಬರ್ಬಾರ್ದು — ಏನಯ್ಯ ಇದು, ಅಂದರು, ಆದರೂ ಒತ್ತಿದರು, ಬೇರೆಯವರ ಮುಂದೆ ಸೋಲುವ ಆಸಾಮಿಯಲ್ಲ — ಈಗ ಗಂಟೆ ಹೊಡೆಯುತ್ತೆ ಸಾರ್, ನೀವು ಹೋಗಿ ಅದನ್ನ ಆರಿಸಿ, ಬೆರಳು ಮಾತ್ರ ತೆಗೀಬೇಡಿ — ಹಿಡಿಯ ಗುಂಡಿ ಒತ್ತಿದ, ಗಂಟೆ ಹೊಡೆದುಕೊಳ್ಳತೊಡಗಿತು, ಸಾಹೇಬರು ನಕ್ಕರು, ಒಳ್ಳೆ ಆಟ ಕಣಯ್ಯ, ಗಂಟೆ, ಯಜಮಾನರ ಕಿವಿ ಕೆಂಪಾಗಿದೆ, ಸಾಕು ನಿಲ್ಸೋ, ಗಂಟೆ, ಯಜಮಾನರು ತಾವೇ ಆರಿಸಲು ಎದ್ದರು, ಬೇಡಿ ಸಾರ್, ನೀವು ಸ್ಟ್ರೆಚರ್ ತಳ್ಕೊಂಡು ಕೆಳಗೆ ಎಕ್ಸರೆಗೆ ಹೋಗಿದ್ದೀರಿ, ಕೂತ್ಕೊಳ್ಳಿ — ಯಜಮಾನರಿಗೇ ಕೂತ್ಕೊಳ್ಳಿ ಅಂದೆನಾ, ಅಂದೆ, ಗಂಟೆ, ಸಾಹೇಬರ ನಗು ಕರಗಿತು, ಬೆರಳು ಬದಲಾಯಿಸಲು ಹೋಗಿ ಒಂದು ಹನಿ ಜಾರಿತು, ಮತ್ತೆ ಅದುಮಿದರು, ಅವರ ಕಣ್ಣು ಗೋಡೆಯ ಕಂಬದ ಮೇಲಿತ್ತು, ಆಗ ಫೋನು ಮೇಜಿನ ಮೇಲೆ ಗುರ್ರೆಂದಿತು, ಅಭ್ಯಾಸದ ಕೈ, ಫೋನಿಗೆ ಹೋಯಿತು.

ನೀರು ಸಹಿಯಿಲ್ಲದ ಕಾಗದದ ಮೇಲೆ ಹರಿಯುತ್ತಿದೆ, ಒಂದು ಹಾಳೆಯಿಂದ ಇನ್ನೊಂದಕ್ಕೆ, ಮೇಜಿನ ಅಂಚಿಗೆ, ಸಾಹೇಬರ ಪ್ಯಾಂಟಿಗೆ — ಎರಡು ನಿಮಿಷ ಹತ್ತು ಸೆಕೆಂಡ್ ಸಾರ್, ಇನ್ನೂ ಹತ್ತಿರತ್ತಿರ ಒಂಬತ್ತು ನಿಮಿಷ ಇತ್ತು, ಅವತ್ತು ಅಲ್ಲಿ ನೀರಿರ್ಲಿಲ್ಲ — ಯಜಮಾನರು ಕರವಸ್ತ್ರ ಹಿಡಿದು ಅಲ್ಲಿಗೂ ಇಲ್ಲಿಗೂ ಒರೆಸುತ್ತಿದ್ದಾರೆ, ಚೀಲ ತಗೊಂಡು ನಡಿ, ನಾಳೆಯಿಂದ ಮುಖ ತೋರಿಸ್ಬೇಡ — ತೋರಿಸಲ್ಲ ಸಾರ್, ಮಾದರಿ ಇಲ್ಲೇ ಇರ್ಲಿ, ಅದ್ರೊಳಗೆ ಗಡಿಯಾರ ಇಲ್ಲ, ಇನ್ಮೇಲೆ ನನ್ನ ಕೈಯಿಂದ ಗಡಿಯಾರ ಹುಟ್ಟಲ್ಲ — ಫೋನು ಸುಮ್ಮನಾಗಿದೆ, ಸಾಹೇಬರು ಅದನ್ನು ಎತ್ತಲಿಲ್ಲ, ಒದ್ದೆ ಬೆರಳು ಇನ್ನೂ ಗಾಳಿಯಲ್ಲೇ ಇವೆ, ಅವನ್ನೇ ನೋಡಿಕೊಂಡು ಕೂತಿದ್ದಾರೆ, ಯಾರಯ್ಯ ಆ ಸಿಸ್ಟರ್ — ಹೆಸರು ನಿಮ್ಮ ಮೆಮೊದಲ್ಲಿದೆ ಸಾರ್, ಕೆಳಗೆ ಅವಳು ಬರೆದ ಉತ್ತರಾನೂ ಇದೆ, ನಾಳೆ ಹತ್ತು ಗಂಟೆ ಒಳಗೆ ಒಂದ್ಸಲ ಓದಿ — ಸಾಹೇಬರು ಒದ್ದೆ ಕಾಗದಗಳನ್ನು ತಮ್ಮ ಮುಂದಿನಿಂದ ಆಚೆ ಸರಿಸಿದರು, ಪೆನ್ನಿನ ಮುಚ್ಚಳ ಹಾಕಿದರು, ಗಂಟೆ ಇನ್ನೂ ಹೊಡೆದುಕೊಳ್ಳುತ್ತಿದೆ, ಯಾರೂ ಆರಿಸುತ್ತಿಲ್ಲ, ಆರಿಸಬೇಕೆಂದು ಇವನಿಗೂ ಅನ್ನಿಸುತ್ತಿಲ್ಲ, ಬಾಗಿಲ ಹತ್ತಿರ ಬಂದು ನಿಂತಿದ್ದಾನೆ, ಹೋಗಬೇಕು, ಕೆಲಸ ಹುಡುಕಬೇಕು, ಅಕ್ಕನಿಗೆ ಹೇಳಬೇಕು, ಏನು ಹೇಳುವುದು, ಏನೂ ಇಲ್ಲ, ಕಣ್ಣ ಮುಂದೆ ವಾರ್ಡಿನ ಬಿಸಿಲು, ಪರದೆ, ಎಲ್ಲೋ ಒಬ್ಬರು ಕರೆಯುತ್ತಿದ್ದಾರೆ, ಅವಳು ತಿರುಗಿಯೂ ನೋಡುತ್ತಿಲ್ಲ, ಬಗ್ಗಿ ನಿಂತಿದ್ದಾಳೆ, ಉಗುರಿನ ಕೆಳಗೆ ಬಿಳಿಚಿಕೊಂಡ ಎರಡು ಬೆರಳು, ಎತ್ತಿಲ್ಲ, ಎರಡು ಬೆರಳು, ಎತ್ತಿಲ್ಲ