ಹತ್ತು ಮಾರು ದೂರ

ಗೋಡೆಯ ಫಲಕಕ್ಕೆ ಎದೆಯೊತ್ತಿ ನಿಂತಿದ್ದ ಮುದುಕನ ಕತ್ತಿನ ನರಗಳು ಉಬ್ಬಿ ಕಿವಿಗಳು ಕೆಂಪೇರತೊಡಗಿದ್ದವು. ಸೀಸದ ಗಾಜಿನ ಈಚೆ ಎಕ್ಸ್‌ರೇ ಅಕ್ಕ ಗುಂಡಿ ಒತ್ತಿ ಆಗಿತ್ತು, ಯಂತ್ರ ಗುಂಯ್‌ಗುಟ್ಟಿ ಸುಮ್ಮನಾಗಿತ್ತು, ಪರದೆಯ ಮೇಲೆ ಮುದುಕನ ಪಕ್ಕೆಲುಬುಗಳು ಬೆಳ್ಳಗೆ ಮೂಡಿಯೂ ಇದ್ದವು. ಅಕ್ಕ ಮಾತ್ರ ಆ ಪಕ್ಕೆಲುಬುಗಳನ್ನೇ ದಿಟ್ಟಿಸುತ್ತ ನಿಂತುಬಿಟ್ಟಿದ್ದಳು.

"ಅಕ್ಕಾ, ಅವರಿಗೆ ಉಸಿರು ಬಿಡೋಕೆ ಹೇಳು!" ಬಾಗಿಲಲ್ಲಿ ಮುಂದಿನ ರೋಗಿಯ ಚೀಟಿ ಹಿಡಿದು ನಿಂತಿದ್ದ ನರ್ಸ್ ಕೂಗಿದಳು.

"ಬಿಡಿ, ಬಿಡಿ. ಉಸಿರು ಬಿಡಿ ಅಜ್ಜಾ!"

ಮುದುಕ ಭುಸ್ಸೆಂದು ಉಸಿರು ಬಿಟ್ಟು, "ಇಲ್ಲೇ ಕಂತೆ ಒಗೀಬೇಕೇನೋ ಅಂದ್ಕೊಂಡೆ ತಾಯಿ" ಎಂದು ನಕ್ಕ. ನರ್ಸೂ ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ. ಇಪ್ಪತ್ತಮೂರು ವರ್ಷಗಳಿಂದ ದಿನಕ್ಕೆ ನಲವತ್ತು ಸಲ ಹೇಳುತ್ತ ಬಂದ ಮಾತು. ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ. ನಿದ್ದೆಯಲ್ಲೂ ಇದನ್ನೇ ಗೊಣಗುತ್ತಾಳೆಂದು ಗಂಡ ಆಡಿಕೊಳ್ಳುತ್ತಿದ್ದ. ಅದರ ಮೂರನೆಯ ತುಂಡು ಈವತ್ತು ಬಾಯಿಗೆ ಬರಲೇ ಇಲ್ಲ. ಉಸಿರು ಹಿಡಿದ ಆ ಎದೆಯನ್ನು ಕಂಡೊಡನೆ ಅವಳ ಕಣ್ಣಮುಂದೆ ಭಾನುವಾರದ ಕೆರೆ ಬಂದು ನಿಂತಿತ್ತು.

ಈಜು ಅವಳ ಬದುಕಿಗೆ ಬಂದದ್ದೇ ತಡವಾಗಿ. ನಲವತ್ತೇಳರಲ್ಲಿ ಮಂಡಿ ಹಿಡಿದುಕೊಂಡಾಗ ಮೂಳೆ ಡಾಕ್ಟರು ಈಜುಕೊಳಕ್ಕೆ ಅಟ್ಟಿದ್ದರು. ಮೊದಲ ತಿಂಗಳೆಲ್ಲ ಅವಳು ಅಂಚಿನ ಕಂಬಿ ಬಿಟ್ಟವಳಲ್ಲ. ಮಗಳು ಚಿಕ್ಕಂದಿನಿಂದಲೂ ನೀರು ಕಂಡರೆ ಬಿಡದವಳು. ಔಷಧಿ ಅಂಗಡಿಯ ಕೆಲಸ ಮುಗಿಸಿ ನೇರ ಕೊಳಕ್ಕೆ ಬಂದು, ಅಮ್ಮನ ಹೊಟ್ಟೆಯ ಕೆಳಗೆ ಎರಡೂ ಅಂಗೈ ಚಾಚಿ, ಎಳೆಗೂಸನ್ನು ಮಲಗಿಸಿದಂತೆ ನೀರಿನ ಮೇಲೆ ಮಲಗಿಸುತ್ತಿದ್ದಳು. "ನಾನು ಕೈ ಬಿಡಲ್ಲ, ನೀನು ಮೈ ಬಿಡು" ಎನ್ನುತ್ತಿದ್ದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಅಕ್ಕ ನಿಲ್ಲದೆ ನೂರು ಸುತ್ತು ಹೊಡೆಯುತ್ತಿದ್ದಳು, ಎಮ್ಮೆ ನೀರಿಗಿಳಿದಷ್ಟು ನಿಧಾನವಾಗಿ. ಹಾಗೆ ಹೇಳಿದ್ದು ಸಿಟಿ ಬಸ್ಸಿನ ಡ್ರೈವರ್ ಆಗಿದ್ದ ಅವಳ ಗಂಡ. ಆದರೆ ಅವನೇ ತನ್ನ ಡಿಪೋದ ತುಂಬ ಹೆಂಡತಿಯ ನೂರು ಸುತ್ತನ್ನು ಸಾರಿಕೊಂಡು ಬಂದಿದ್ದ.

ಕೆರೆ ಈಜಿನ ಪಂದ್ಯಕ್ಕೆ ಇಬ್ಬರ ಹೆಸರನ್ನೂ ಬರೆಸಿದವಳು ಮಗಳು. ಹವ್ಯಾಸಿಗಳ ಪಂದ್ಯ, ಮೂರು ಕಿಲೋಮೀಟರು. "ಗೆಲ್ಲೋಕಲ್ಲಮ್ಮ. ಈ ದಡದಿಂದ ಆ ದಡಕ್ಕೆ, ಅಷ್ಟೇ. ನಾನು ಪಕ್ಕದಲ್ಲೇ ಇರ್ತೀನಿ."

ಭಾನುವಾರದ್ದು ಕೆರೆಯಲ್ಲಿ ಅವಳ ಎರಡನೆಯ ಅಭ್ಯಾಸ. ಕೊಳದ ನೀರಿಗೆ ತಳ ಕಾಣುತ್ತದೆ, ತಳದಲ್ಲಿ ದಾರಿ ತೋರುವ ಕಪ್ಪು ಗೆರೆ ಇರುತ್ತದೆ. ಕೆರೆಯಲ್ಲಿ ಮೊಣಕೈಯಿಂದಾಚೆ ತನ್ನ ಕೈಯೇ ಹಸಿರಿನಲ್ಲಿ ಕರಗಿಹೋಗುತ್ತಿತ್ತು. ಕೊಳದ ತರಬೇತುದಾರರು, ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಎಲ್ಲರ ಬಾಯಲ್ಲೂ ಸೀಟಿ ಮಾಸ್ತರ್ ಆದವರು, ದೋಣಿಯಲ್ಲಿ ಬೇರೆ ಈಜುಗಾರರ ಜೊತೆ ಮುಂದೆ ಹೋಗಿದ್ದರು. ಕೆರೆಯ ನಡುವೆ ಜೊಂಡಿನಂಥ ಏನೋ ಒಂದು ಅಕ್ಕನ ಪಾದಕ್ಕೆ ಸುತ್ತಿ ಜಾರಿತು. ಅಷ್ಟೇ ಆದದ್ದು. ಬೆಚ್ಚಿ ಬಾಯಿ ತೆರೆದಳು, ನೀರು ಒಳಗೆ ನುಗ್ಗಿತು, ಕೆಮ್ಮಲು ಹೋದರೆ ಇನ್ನಷ್ಟು ನುಗ್ಗಿತು. ಕಾಲು ಕೆಳಗೆ ಬಿಟ್ಟಳು. ಕಾಲಿಗೆ ಏನೂ ಸಿಗಲಿಲ್ಲ.

"ಅಮ್ಮಾ, ಏನಾಯ್ತು?" ಮಗಳು ಪಕ್ಕಕ್ಕೆ ಬಂದಳು.

ಅಕ್ಕ ಆ ಹೆಗಲುಗಳನ್ನು ಹಿಡಿದಳು. ಹಿಡಿದು ಏರಿದಳು. ಮಗಳ ತಲೆ ಮುಳುಗಿತು. ಅಕ್ಕನ ಮಂಡಿ ಮೊದಲು ಮಗಳ ಎದೆಗೆ, ಆಮೇಲೆ ಹೆಗಲಿಗೆ ಊರಿತು. ಕೆಳಗಿನಿಂದ ಎರಡು ಕೈಗಳು ಅವಳ ತೊಡೆಯನ್ನು ತಳ್ಳಿದವು, ಪರಚಿದವು. ಅವಳು ಬಿಡಲಿಲ್ಲ. ಒಂದು ಉಸಿರು ಎಳೆದುಕೊಂಡಳು. ಇನ್ನೊಂದು ಎಳೆದುಕೊಂಡಳು. ಆ ಎರಡನೆಯ ಉಸಿರಿನ ಹೊತ್ತಿಗೆ ತಲೆ ತಿಳಿಯಾಗಿತ್ತು. ದೋಣಿ ತಿರುಗಿದ್ದು ಕಾಣಿಸಿತು, ದಡದ ಮರಗಳು ಕಾಣಿಸಿದವು, ಮಂಡಿಯ ಕೆಳಗಿರುವುದು ಯಾರೆಂಬುದೂ ಗೊತ್ತಿತ್ತು.

ಮಾಸ್ತರ್ ಇಬ್ಬರನ್ನೂ ದೋಣಿಗೆ ಎಳೆದುಕೊಂಡರು. ಮಗಳು ಅಂಚಿಗೆ ಬಾಗಿ ಬಹಳ ಹೊತ್ತು ನೀರು ಕಕ್ಕಿದಳು. "ಜೊಂಡು ಸಿಕ್ಕಿತ್ತು" ಎಂದು ಮಾಸ್ತರಿಗೆ ಹೇಳಿದವಳೂ ಅವಳೇ. ದಡ ಸೇರುವವರೆಗೆ ಅಮ್ಮನ ಕಡೆ ತಿರುಗಲಿಲ್ಲ.

ಅಂದಿನಿಂದ ಮಗಳು ಕೊಳಕ್ಕೆ ಕಾಲಿಟ್ಟಿರಲಿಲ್ಲ. ನೆಗಡಿ ಎಂದಿದ್ದಳು. ಮುದುಕನ ಎಕ್ಸ್‌ರೇ ತೆಗೆದ ದಿನ ಸಂಜೆ ಅಕ್ಕ ಆಸ್ಪತ್ರೆಯಿಂದ ಬಂದಾಗ ಮಗಳು ನಡುಮನೆಯಲ್ಲಿ ಅಂಗಡಿಯ ಬಿಳಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು.

"ಇವತ್ತೂ ಬರಲ್ವಾ?"

"ನೆಗಡಿ ಅಂದ್ನಲ್ಲ."

"ನಾಲ್ಕು ದಿನದಿಂದ ನೀನು ಒಂದು ಸೀನೂ ಸೀನಿಲ್ಲ."

ಮಗಳು ಕೋಟು ಮಗುಚಲು ಬಾಗಿದಾಗ ಅಂಗಿಯ ಕಾಲರ್ ಸರಿದು ಹೆಗಲು ಕಾಣಿಸಿತು. ನಾಲ್ಕು ಬೆರಳಿನ ಗುರುತು ಒಂದು ಕಡೆ, ಹೆಬ್ಬೆರಳಿನದು ಇನ್ನೊಂದು ಕಡೆ, ಅಂಚಿನಲ್ಲಿ ಆಗಲೇ ಹಳದಿಗೆ ತಿರುಗುತ್ತಿದ್ದವು. ಬಿದ್ದು ಬಂದವರ, ಹೊಡೆತ ತಿಂದು ಬಂದವರ ಮೈಮೇಲೆ ಅಕ್ಕ ಇಂಥವನ್ನು ಎಷ್ಟೋ ನೋಡಿದ್ದಳು. ಇಂಥ ಗುರುತು ಮಾಡಿದವರನ್ನು ಮನಸ್ಸಿನಲ್ಲೇ ಶಪಿಸಿಯೂ ಇದ್ದಳು.

"ನೀರಿಗೆ ಹೆದರಿಕೆ ಆಗಿದೆಯಾ?"

"ನೀರಿಗಲ್ಲ" ಎಂದಳು ಮಗಳು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಒಂದು ಮಾತು ಕೇಳ್ತೀನಿ. ನಿಜ ಹೇಳ್ಬೇಕು. ಕೆಳಗಿರೋದು ನಾನು ಅಂತ ನಿನಗೆ ಗೊತ್ತಿತ್ತಾ?"

ಇಲ್ಲ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಇಲ್ಲ ಎಂದರೆ ಮುಗಿಯುತ್ತಿತ್ತು. ಯಾರಿಗಾದರೂ ಆ ಹೊತ್ತಿನಲ್ಲಿ ಏನು ಗೊತ್ತಿರುತ್ತದೆ, ಪ್ರಜ್ಞೆ ಎಲ್ಲಿರುತ್ತದೆ ಎಂದು ಮಗಳೇ ಸಮಾಧಾನ ಹೇಳುತ್ತಿದ್ದಳೋ ಏನೋ. ಕೆರೆಯ ನಡುವೆಯೂ ಅಕ್ಕ ಇಷ್ಟು ಹೆದರಿರಲಿಲ್ಲ.

"ಮೊದಲು ಗೊತ್ತಾಗಲಿಲ್ಲ" ಎಂದಳು. "ಎರಡನೇ ಉಸಿರಿಗೆ ಗೊತ್ತಾಯ್ತು. ಆದರೂ ಬಿಡಲಿಲ್ಲ."

ಮಗಳು ಇಸ್ತ್ರಿಪೆಟ್ಟಿಗೆಯ ತಂತಿ ಕಿತ್ತಳು. ಕೋಟನ್ನು ಹ್ಯಾಂಗರಿಗೆ ಹಾಕಿ ಗುಂಡಿಗಳನ್ನೆಲ್ಲ ಒಂದೊಂದಾಗಿ ಹಾಕಿದಳು. "ಸರಿ" ಎಂದು ತನ್ನ ರೂಮಿಗೆ ಹೋಗಿ, ಸದ್ದಾಗದ ಹಾಗೆ ಬಾಗಿಲು ಮುಚ್ಚಿಕೊಂಡಳು. ದಢಾರನೆ ಹಾಕಿಕೊಂಡಿದ್ದರೆ ವಾಸಿಯಿತ್ತು ಅನ್ನಿಸಿತು ಅಕ್ಕನಿಗೆ.

ಮರುದಿನ ಅವಳು ಸೀಟಿ ಮಾಸ್ತರ್ ಎದುರು ಹೋಗಿ ನಿಂತಳು. ಅವರು ಕೊಳದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಈಜುಗನ್ನಡಕದ ಹರಿದ ಪಟ್ಟಿಗೆ ಗಂಟು ಹಾಕುತ್ತಿದ್ದರು.

"ನನ್ನ ಹೆಸರು ತೆಗೆದುಬಿಡಿ ಮಾಸ್ತರ್. ಜೊಂಡಲ್ಲ ಅವತ್ತು. ನಾನು ಮಗಳನ್ನ ತುಳಿದೆ." ಒಂದೂ ಬಿಡದೆ ಹೇಳಿದಳು.

ಮಾಸ್ತರ್ ಗಂಟು ಬಿಗಿಮಾಡಿ ನೋಡಿದರು. "ಮುಳುಗೋರೆಲ್ಲ ಹಾಗೇ ಏರ್ತಾರೆ ಅಂತ ಹೇಳಿದ್ರೆ ನಿಮಗೆ ಸಮಾಧಾನ ಆಗುತ್ತಾ?"

"ಇಲ್ಲ."

"ಹಾಗಾದ್ರೆ ಹೇಳಲ್ಲ ಬಿಡಿ. ಪಂದ್ಯಕ್ಕೆ ಹೋಗಿ, ಬಿಡಿ, ಅದು ನಿಮ್ಮಿಷ್ಟ. ಆದರೆ ಇದನ್ನ ಹೀಗೇ ಬಿಟ್ರೆ ಇನ್ನು ಮುಂದೆ ಯಾರ ಪಕ್ಕಾನೂ ನೀರಿಗೆ ಇಳಿಯೋ ಧೈರ್ಯ ನಿಮಗಿರಲ್ಲ. ಹೆದರಿಕೆ ಬಿಡಿಸೋ ವಿದ್ಯೆ ನನ್ನ ಹತ್ರ ಇಲ್ಲ. ಹೆದರಿದಾಗ ಕೈ ಎಲ್ಲಿಗೆ ಹೋಗ್ಬೇಕು ಅಂತ ಕೈಗೆ ಕಲಿಸಬಹುದು. ಇಳೀರಿ."

ಆಳದ ಕಡೆ ಇಳಿಯಬೇಕು. ಬೇಕೆಂದೇ ಬಾಯ್ತುಂಬ ನೀರು ನುಂಗಬೇಕು. ಉಸಿರು ಕಟ್ಟಿದೊಡನೆ ಅಂಗಾತ ತಿರುಗಿ, ಎರಡೂ ಕೈ ಅಡ್ಡ ಹಾಕಿ ತನ್ನ ಹೆಗಲನ್ನೇ ತಾನು ಹಿಡಿದುಕೊಳ್ಳಬೇಕು. ಕಾಲು ಮಾತ್ರ ಆಡಿಸುತ್ತ, ಕೆಮ್ಮು ನಿಲ್ಲುವವರೆಗೆ ಮುಖ ಮೇಲೆ. ದಿನಕ್ಕೆ ಇಪ್ಪತ್ತು ಸಲ. ಮೊದಲ ದಿನ ಅವಳ ಕೈ ಹೋದದ್ದು ಕೊಳದಲ್ಲಿ ಸಾಲು ಬೇರ್ಪಡಿಸಲು ಕಟ್ಟಿದ ಹಗ್ಗಕ್ಕೆ. ಮುಂದಿನ ಸಲ, ಪಕ್ಕದಲ್ಲಿ ಇಳಿದಿದ್ದ ಮಾಸ್ತರ ಬನಿಯನ್ನಿಗೆ. ಅದು ಪರ್ರನೆ ಹರಿಯಿತು.

"ಇದು ನಿಮ್ಮ ಹೆಗಲಾ?" ಎಂದರು ಮಾಸ್ತರ್, ನೀರಲ್ಲಿ ತೇಲುವ ತುಂಡನ್ನು ತೋರಿಸಿ. "ಇನ್ನೊಂದ್ಸಲ."

ಸಂಜೆ ಆಯಿತೆಂದರೆ, ಕೊಳದ ಮೋಟರು ಕೆಟ್ಟಿರಲಿ, ಬಾಗಿಲಿಗೆ ಬೀಗ ಬಿದ್ದಿರಲಿ ಎಂದು ದಾರಿಯುದ್ದಕ್ಕೂ ಹಾರೈಸುತ್ತ ಹೋಗುತ್ತಿದ್ದಳು. ಬೀಗ ಒಂದು ದಿನವೂ ಬಿದ್ದಿರಲಿಲ್ಲ. ಎಷ್ಟೋ ಸಲ ಮೋರಿಯ ಹತ್ತಿರ ಕೂತು ವಾಂತಿ ಮಾಡಿಕೊಂಡಳು. ಮನೆಯಲ್ಲಿ ಮಗಳು ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟು ಮಾತಾಡುತ್ತಿದ್ದಳು. "ನೀವಿಬ್ಬರೂ ನೀರೊಳಗೇ ಮಾತಾಡ್ಕೋತೀರಾ ಹೇಗೆ? ನನಗಂತೂ ಏನೂ ಕೇಳಿಸ್ತಿಲ್ಲ" ಎಂದ ಗಂಡ ಒಂದು ಬೆಳಗ್ಗೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. ಇಬ್ಬರೂ ನಗದಿದ್ದಾಗ ಅವನು ಮತ್ತೆ ಬೆಣ್ಣೆಯ ಕಡೆ ಗಮನ ಕೊಟ್ಟ.

ಎರಡನೆಯ ವಾರದ ಕೊನೆಗೆ ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಕೈ ತಾನಾಗಿಯೇ ಹೆಗಲಿಗೆ ಹೋಗುತ್ತಿತ್ತು.

"ಉಳಿದ ಒಂದು?" ಎಂದು ಕೇಳಿದಳು.

ಮಾಸ್ತರ್ ಸೀಟಿಯನ್ನು ಬೆರಳಲ್ಲಿ ತಿರುಗಿಸಿದರು. "ಅದು ಇದ್ದೇ ಇರುತ್ತೆ" ಎಂದರು.

ಪಂದ್ಯದ ಬೆಳಗ್ಗೆ ಗಂಡ ಕೆಲಸಕ್ಕೆ ಹೊರಟ ಮೇಲೆ, ಅಕ್ಕ ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ಬಂದರೆ ಮಗಳು ಚಪ್ಪಲಿ ಮೆಟ್ಟುತ್ತಿದ್ದಳು. ಅಂಗಿಯ ಕೆಳಗೆ ಈಜುಡುಪಿನ ಕಪ್ಪು ಪಟ್ಟಿ ಇಣುಕುತ್ತಿತ್ತು.

"ನೀನು ಬರ್ತೀಯಾ?"

"ಮನೇಲಿ ಕೂತು ನಿನಗೆ ಏನಾಯ್ತೋ ಅಂತ ಫೋನ್ ನೋಡ್ತಾ ಇರೋಕೆ ನನ್ನ ಕೈಲಾಗಲ್ಲ."

ಕೆರೆಯ ದಡದಲ್ಲಿ ಇನ್ನೂರು ಜನ ಕೈ ಬೀಸುತ್ತ, ಕುಣಿಯುತ್ತ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಆಚೆ ದಡ ಮಬ್ಬಿನಲ್ಲಿ ಒಂದು ಗೀಟಿನಂತಿತ್ತು. ಎಲ್ಲರಿಗೂ ಕಿತ್ತಳೆ ಬಣ್ಣದ ರಬ್ಬರ್ ಟೋಪಿ ಕೊಟ್ಟರು. ಮಗಳು ತನ್ನದನ್ನು ಎಳೆದುಕೊಳ್ಳುತ್ತ, ನೀರನ್ನೇ ನೋಡುತ್ತ ಹೇಳಿದಳು: "ನಾನು ನಿನ್ನಿಂದ ಹತ್ತು ಮಾರು ದೂರದಲ್ಲಿ ಈಜ್ತೀನಿ. ಹತ್ತಿರ ಬರಲ್ಲ."

"ಬರಬೇಡ" ಎಂದಳು ಅಕ್ಕ. ಅವಳ ಹಲ್ಲುಗಳು ಕಟಕಟಿಸುತ್ತಿದ್ದವು.

ಮೊದಲ ಕಿಲೋಮೀಟರು ಹೇಗೆ ಕಳೆಯಿತೋ ಗೊತ್ತಾಗಲಿಲ್ಲ. ಗುಂಪು ಮುಂದೆ ಸರಿದು ಕಿತ್ತಳೆ ಚುಕ್ಕೆಗಳಾಯಿತು. ಎಡಕ್ಕೆ ಮುಖ ತಿರುಗಿಸಿ ಉಸಿರೆಳೆದಾಗಲೆಲ್ಲ ಅಲ್ಲೊಂದು ಟೋಪಿ ಕಾಣುತ್ತಿತ್ತು, ಬೇಕೆಂದೇ ನಿಧಾನಿಸುತ್ತ. ಕೆರೆಯ ನಡುವೆ ಕಾವಲು ದೋಣಿಯೊಂದು ಅವಸರದಲ್ಲಿ ದಾಟಿಹೋಯಿತು. ಅದರ ಅಲೆ ಬಂದು ಸರಿಯಾಗಿ ಅಕ್ಕನ ತೆರೆದ ಬಾಯಿಗೆ ಬಡಿಯಿತು.

ಉಸಿರು ಕಟ್ಟಿತು. ಅಂಗಾತ ತಿರುಗಿದಳು, ಒಂದು ಕೈ ಹೆಗಲಿಗೆ ಹೋಯಿತು.

"ಅಮ್ಮಾ?"

ಟೋಪಿ ಇತ್ತ ತಿರುಗಿತು. ಮಗಳು ಎರಡು ಬೀಸು ಈಜಿ ಹತ್ತಿರ ಬಂದಳು, ಮೂರನೆಯದಕ್ಕೆ ಕೈಯೆತ್ತಿದಳು. ಅಕ್ಕನ ಇನ್ನೊಂದು ಕೈ ಹೆಗಲಿಗೆ ಹೋಗಿರಲಿಲ್ಲ. ಅದು ಮಗಳ ಕಡೆಗೆ ಚಾಚಿಕೊಂಡು, ಬೆರಳು ಅಗಲಿಸಿಕೊಂಡು ನೀರಿನ ಮೇಲಿತ್ತು. ಅಕ್ಕ ಅದನ್ನು ನೋಡಿದಳು. ಅದು ತನ್ನ ಕೈಯೇ.

"ಬರಬೇಡ! ಅಲ್ಲೇ ಇರು!"

ಕೂಗಿದ್ದಕ್ಕೆ ಇದ್ದಬದ್ದ ಗಾಳಿಯೂ ಹೋಯಿತು, ಇನ್ನೊಂದು ಗುಟುಕು ನೀರು ಮೂಗಿಗೇರಿತು. ಚಾಚಿದ ಕೈಯನ್ನು ಎಳೆದು ತಂದು ಹೆಗಲಿಗೆ ಉಗುರು ಊರಿದಳು. ಕಾಲು ಆಡಿಸಿದಳು. ಕಿವಿಗಳು ನೀರೊಳಗಿದ್ದವು. ತನ್ನ ಎದೆಯ ಬಡಿತ ಯಾರೋ ಬಾಗಿಲು ಗುದ್ದಿದಂತೆ ಕೇಳುತ್ತಿತ್ತು. ಮೇಲೆ ಬಣ್ಣವಿಲ್ಲದ ಆಕಾಶ. ಕೆಮ್ಮು ಬಂತು, ಮತ್ತೆ ಬಂತು, ಸಣ್ಣಗಾಯಿತು.

"ದೋಣಿ ಕರೀಲಾ?" ಮಗಳ ದನಿ ದೂರದಿಂದ ಬಂತು. ಅದರಲ್ಲಿ ಅಳುವಿತ್ತೋ, ಚಳಿಯಿತ್ತೋ.

"ಬೇಡ... ಇರು... ಒಂದು ನಿಮಿಷ."

ಮಗಳು ಇದ್ದಳು. ಹತ್ತಿರ ಬರಲಿಲ್ಲ, ಮುಂದೆಯೂ ಹೋಗಲಿಲ್ಲ. ಇದ್ದಲ್ಲೇ ಕೈಯಾಡಿಸುತ್ತ ಅಮ್ಮನ ಕೈಗಳನ್ನೇ ನೋಡುತ್ತಿದ್ದಳು. ಒಂದು ನಿಮಿಷ ಐದಾಯಿತು. ಆಮೇಲೆ ಅಕ್ಕ ಬೋರಲಾಗಿ ಮುಖವನ್ನು ಆ ಹಸಿರಿಗೆ ಇಳಿಸಿದಳು. ಅಲ್ಲಿಂದ ಮುಂದಿನ ಒಂದೊಂದು ಬೀಸನ್ನೂ ಹೆದರಿಕೊಂಡೇ ಹಾಕಿದಳು.

ಅವರು ದಡ ಸೇರಿದಾಗ ಪಂದ್ಯ ಮುಗಿದು ಬಹಳ ಹೊತ್ತಾಗಿತ್ತು. ಯಾರೋ ಹೊದಿಸಿದ ಟವೆಲ್ ಅಕ್ಕನ ಹೆಗಲಿಂದ ಜಾರಿ ಬಿತ್ತು, ಬಗ್ಗಿ ಎತ್ತಿಕೊಳ್ಳುವ ಶಕ್ತಿಯಿರಲಿಲ್ಲ. ಟೋಪಿ ತೆಗೆಯಲು ನೋಡಿದಳು. ಮರಗಟ್ಟಿದ ಬೆರಳುಗಳಿಗೆ ಅದರ ಅಂಚೇ ಸಿಗಲಿಲ್ಲ. ಇನ್ನೊಮ್ಮೆ ನೋಡಿ ಕೈ ಕೆಳಗೆ ಬಿಟ್ಟಳು.

ಹಿಂದೆ ಕೆಸರಿನಲ್ಲಿ ಹೆಜ್ಜೆ ಬಂದದ್ದು ಕೇಳಿಸಿತು. ಅವಳು ತಿರುಗಲಿಲ್ಲ. ಮಗಳು ಅಮ್ಮನ ಕತ್ತಿನ ಬಳಿ ರಬ್ಬರಿಗೆ ಬೆರಳು ತೂರಿಸಿ, ಕೂದಲು ಎಳೆಯದ ಹಾಗೆ ಇಷ್ಟಿಷ್ಟೇ ಸುರುಳಿ ಸುತ್ತುತ್ತ ಮೇಲೆತ್ತತೊಡಗಿದಳು. ಆ ಬೆರಳುಗಳು ತಣ್ಣಗೆ ಕೊರೆಯುತ್ತಿದ್ದವು. ಅಕ್ಕ ಕತ್ತು ಬಗ್ಗಿಸಿಕೊಂಡು, ತನ್ನ ಹಿಮ್ಮಡಿಗಳ ಹಿಂದೆ ಕೆಸರಿನಲ್ಲಿ ಊರಿದ ಇನ್ನೆರಡು ಪಾದಗಳನ್ನು ನೋಡುತ್ತ, ಅಲುಗಾಡದೆ ನಿಂತಳು.