ಬರಹವಿಲ್ಲದ ಸ್ಲೈಡು

ಬ್ಯಾಡಗಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಶಾಬುದ್ದೀನ ಮಾಸ್ತರರ ಆಸ್ತಿಯೆಂದರೆ ಅವರ ಗಂಟಲು. ಅವರು ತುಂಗಭದ್ರೆಯ ಪಾಠ ಶುರು ಮಾಡಿದರೆ ಹಿಂದಿನ ಬೆಂಚಿನ ತೂಕಡಿಕೆಯ ವೀರರೂ ಕಾಲು ಮೇಲೆತ್ತಿ ಕೂರುತ್ತಿದ್ದರು, ಹೊಳೆ ಬಂದು ಪಾದ ತೋಯಿಸೀತೆಂದು. ಆ ಗಂಟಲಿಗೇ ಗಂಟು ಬಂತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಪಕ್ಕದವರಿಗಷ್ಟೇ ಕೇಳುವ ಪಿಸುಮಾತು.

ಹೆಡ್‌ಮಾಸ್ತರ ಗುಡದಪ್ಪನವರು ಕೆಟ್ಟವರಲ್ಲ. ಕಷ್ಟವೇ ಅದು, ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

"ಇನ್ನ ಆಫೀಸಿನ್ಯಾಗ ಕುಂದರ್ರಿ ಮಾಸ್ತರ. ಕ್ಲಾಸಿನ ಕಾಟ ಯಾಕ ನಿಮಗ?"

ಕ್ಲಾಸು ಬಿಟ್ಟರೆ ತಾವು ಸತ್ತಂತೆಯೇ ಎಂಬುದು ಮಾಸ್ತರರಿಗೆ ಗೊತ್ತಿತ್ತು. ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಪ್ರೊಜೆಕ್ಟರಿನತ್ತ ಬೆರಳು ತೋರಿಸಿ, "ಇದರ ಮ್ಯಾಲ ಕಲಸ್ತೇನಿ," ಎಂದು ಪಿಸುಗುಟ್ಟಿದರು.

"ಆತು. ಒಂದು ಪಾಠ ಮಾಡಿ ತೋರಸ್ರಿ. ನಾನೂ ಬರ್ತೇನಿ."

ಮಾಸ್ತರರು ಬಾಯಲ್ಲಿ ಹೇಳಬೇಕಿದ್ದನ್ನೆಲ್ಲ ಪಾರದರ್ಶಕ ಹಾಳೆಗಳ ಮೇಲೆ ಬರೆಯತೊಡಗಿದರು. ಹೆಂಡತಿ ಮಹಮೂದಾಬೇಗಂ ಇಣುಕಿ ನೋಡಿದರು.

"ಧಾರವಾಡದ ಟ್ರೇನಿಂಗಿನ್ಯಾಗ ಮಾಸ್ತರರಿಗೆಲ್ಲ ನೀವ ಹೇಳ್ತಿದ್ರಿ, ಸ್ಲೈಡಿನ ಮ್ಯಾಲ ಚಿತ್ರ ಇರಬೇಕು, ಮಾತು ಮಾಸ್ತರನ ಬಾಯಾಗಿರಬೇಕು ಅಂತ. ಈಗ ಹಿಂಗ ತುಂಬೀರಲ್ಲ?"

ಮಾಸ್ತರರು ಕತ್ತು ತೋರಿಸಿದರು. ಬೇಗಂ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು.

ಪಾಠದ ದಿನ ಕೋಣೆ ಕತ್ತಲಾಗಲೆಂದು ಕಿಟಕಿಗಳಿಗೆ ಮೆಣಸಿನಕಾಯಿಯ ಖಾಲಿ ಚೀಲ ಕಟ್ಟಿದ್ದರು. ಮಾರ್ಕೆಟ್ಟಿನ ಘಾಟೆಲ್ಲ ಕ್ಲಾಸಿಗೇ ಬಂತು. ಮಕ್ಕಳು ಸೀನಿದರು, ಕೆಮ್ಮಿದರು. ಪರದೆಯ ಮೇಲೆ ಮೂಡಿದವು ಇರುವೆ ಸಾಲಿನಂಥ ಅಕ್ಷರಗಳು.

"ಸರ, ಏನೂ ಕಾಣವಲ್ದ್ರಿ."

"ಕತ್ತಲ್ಯಾಗ ಬರಕೊಳ್ಳೂದು ಹೆಂಗ್ರಿ?"

ಒಂದೊಂದೇ ಹಾಳೆ ಸರಿಯಿತು. ಹಿಂದಿನ ಬೆಂಚು ನಿದ್ದೆಗೆ ಜಾರಿತು. ಗುಡದಪ್ಪನವರು ನೆಲ ನೋಡುತ್ತ ಕುಳಿತರು.

ಕೊನೆಯ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ. ಹಳೆಯ ಚಟ ಬಿಡದೆ ಮಾಸ್ತರರು ಬರೀ ಚಿತ್ರ ಬಿಡಿಸಿದ್ದರು. ಕುಮಾರಪಟ್ಟಣ ದಾಟಿ ಹರಿಯುವ ದಪ್ಪ ನೀಲಿ ತುಂಗಭದ್ರೆ, ಎಡದಿಂದ ಬಂದು ಅದರೊಳಗೆ ಬೀಳುವ ಸಣ್ಣ ವರದೆ. ಇಡೀ ಕ್ಲಾಸು ಎದ್ದು ಕುಳಿತಿತು.

"ಹೊಳಿ!" ಎಂದಳು ಮುಂದಿನ ಬೆಂಚಿನ ಬಸವಣ್ಣೆವ್ವ. "ಇದರ ಕಥಿ ಹೇಳ್ರಿ ಸರ."

ಅಷ್ಟೂ ಮುಖಗಳು ತಮ್ಮತ್ತ ತಿರುಗಿದ್ದು ಕಂಡು ಮಾಸ್ತರರ ಜೀವ ಹಿಗ್ಗಿತು. ಬಾಯಿ ತೆರೆದರು. ಯಂತ್ರದ ಫ್ಯಾನು ಗುಂಯ್‌ಗುಟ್ಟುತ್ತಿತ್ತು. ಅದರ ಮುಂದೆ ಆ ಪಿಸುಮಾತು ಯಾವ ಲೆಕ್ಕ? ಮಕ್ಕಳು ಕಾದರು. ನೋಡಲಾರದೆ ಗುಡದಪ್ಪನವರೇ ಎದ್ದು ನಿಂತರು. ಅವರದು ಗಣಿತ, ಆದರೆ ಗಂಟಲು ಗಟ್ಟಿ.

"ಕೇಳ್ರೋ. ನಮ್ಮ ವರದಾ ಹೊಳಿ ಹಾವೇರಿ ಕಡಿಂದ ಹೋಗಿ ಸೀದಾ ಕೃಷ್ಣಾಕ್ಕ ಕೂಡತೈತಿ. ಬರಕೋರಿ."

ಪರದೆಯ ಮೇಲೆ ವರದೆ ತುಂಗಭದ್ರೆಯನ್ನು ಸೇರುತ್ತಲೇ ಇತ್ತು. ಅತ್ತ ಯಾರೂ ನೋಡಲಿಲ್ಲ, ಮಾತು ಬಂದ ಕಡೆಗೇ ಎಲ್ಲರ ಮುಖ. ಕತ್ತಲಲ್ಲೇ ತಡವರಿಸುತ್ತ ಬರೆದುಕೊಂಡರು.

"ಅಲ್ಲ," ಎಂದರು ಮಾಸ್ತರರು. ಕೇಳಲಿಲ್ಲ. ಫ್ಯಾನು ನಿಂತರೆ ಕೇಳೀತೆಂದು ಗೋಡೆಯ ಸ್ವಿಚ್ಚು ಒತ್ತಿದರು. ಯಂತ್ರದ ದೀಪವೂ ಆರಿ ಕೋಣೆ ಕಪ್ಪಾಯಿತು.

"ಕರೆಂಟು ಹೋತೋ!"

ಹೋ ಎಂದು ಕೂಗುತ್ತ ಇಡೀ ಕ್ಲಾಸು ಹೊರಗೆ ನುಗ್ಗಿತು. ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಊರು, ಯಾರಿಗೆ ಸಂಶಯ ಬಂದೀತು? ಕತ್ತಲಲ್ಲಿ ಗುಡದಪ್ಪನವರ ಕೈ ಮಾಸ್ತರರ ಹೆಗಲ ಮೇಲೆ ಕುಳಿತಿತು.

"ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ನಾಳಿಂದ ಆಫೀಸಿಗೆ ಬರ್ರಿ."

ಅವರೂ ಹೋದರು. ಈಗ ಫ್ಯಾನಿಲ್ಲ, ಕೆಮ್ಮಿಲ್ಲ, ಗದ್ದಲವಿಲ್ಲ. ಮಾಸ್ತರರ ದನಿ ಸ್ಪಷ್ಟವಾಗಿಯೇ ಕೇಳುತ್ತಿತ್ತು.

"ಕೃಷ್ಣಾಕ್ಕಲ್ಲ, ತುಂಗಭದ್ರಾಕ್ಕ," ಎಂದು ಅವರು ಖಾಲಿ ಬೆಂಚುಗಳಿಗೆ ಹೇಳಿದರು.